ಹಳದಿ ಬೆಲ್ಲದಲ್ಲಿ ಉಳಿಯುವುದು ಹೈಡ್ರೋಸ್ ಅಲ್ಲ, ಬೈಸಲ್ಫೈಟ್: ಫಾರ್ವರ್ಡ್ ಸಂದೇಶದಲ್ಲಿ ನಿಜ ಎಷ್ಟು?

ಬೆಲ್ಲದ ಬಗ್ಗೆ ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರೆದಂತಿರುತ್ತವೆ. ‘ಹಳದಿ ಬೆಲ್ಲ ತಿನ್ನಬೇಡಿ, ಅದರಲ್ಲಿ ಬಟ್ಟೆ ಕಾರ್ಖಾನೆಯ ವಿಷ ಇದೆ. ಒಂದು ತುಂಡು ನೀರಿಗೆ ಹಾಕಿ, ನಿಮಗೇ ಗೊತ್ತಾಗುತ್ತದೆ. ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ. ಕಪ್ಪು ಬೆಲ್ಲ ಮಾತ್ರ ಶುದ್ಧ. ಹತ್ತು ಜನಕ್ಕೆ ಕಳಿಸಿ.’

ನಾಲ್ಕು ಮಾತುಗಳಲ್ಲಿ ಮೊದಲನೆಯದರಲ್ಲಿ ಸತ್ಯಾಂಶ ಇದೆ. ಎರಡನೆಯದು ಸುಳ್ಳು. ಮೂರನೆಯದು ಅರೆಸತ್ಯ, ನಾಲ್ಕನೆಯದನ್ನು ನಂಬಿ ಬೆಲ್ಲ ಕೊಳ್ಳುವುದು ಬೇಡ. ಹೀಗೇಕೆ ಎಂದು ತಿಳಿಯಬೇಕಾದರೆ, ಫಾರ್ವರ್ಡ್‌ನಲ್ಲಿ ಎಂದೂ ಬಾರದ ಒಂದು ಹೆಸರನ್ನು ಪರಿಚಯ ಮಾಡಿಕೊಳ್ಳಬೇಕು. ಅದು ಬೈಸಲ್ಫೈಟ್ ಅಯಾನು.

ಕೆ.ಆರ್. ನಗರ ಸುತ್ತಿನ ಹೊಸ ಅಗ್ರಹಾರ, ಚುಂಚನಕಟ್ಟೆ ಕಡೆಯವರಿಗೆ ಇದು ದೂರದ ವಿಷಯವಲ್ಲ. ಕಾವೇರಿ ನಾಲೆಯ ನೀರು ಹರಿಯುವ ಈ ಭಾಗದಲ್ಲಿ ಭತ್ತದ ಜೊತೆ ಕಬ್ಬೂ ಬೆಳೆ. ಚುಂಚನಕಟ್ಟೆಯಲ್ಲಿ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಾರ್ಖಾನೆಗೆ ಹೋಗದ ಕಬ್ಬಿಗೆ ಆಲೆಮನೆಯೇ ದಾರಿ. ಪಕ್ಕದ ಮಂಡ್ಯವಂತೂ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬೆಲ್ಲಕ್ಕೇ ಹೆಸರಾದ ಜಿಲ್ಲೆ. ಬೆಲ್ಲ ತಿನ್ನುವವರು, ಬೇಯಿಸುವವರು, ಮಾರುವವರು ಎಲ್ಲರೂ ಇರುವ ಈ ಸೀಮೆಯಲ್ಲಿ ತಪ್ಪು ಸಂದೇಶ ಹರಡಿದರೆ ಒಬ್ಬರ ಆರೋಗ್ಯಕ್ಕೂ ಇನ್ನೊಬ್ಬರ ಹೊಟ್ಟೆಪಾಡಿಗೂ ಪೆಟ್ಟು.

ಕೊಪ್ಪರಿಗೆಗೆ ಬೀಳುವ ಬಿಳಿ ಪುಡಿ

ಆಲೆಮನೆಗಳಲ್ಲಿ ‘ಹೈಡ್ರೋಸ್’ ಎಂದು ಕರೆಯುವ ಪುಡಿಯ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ರಸಾಯನಶಾಸ್ತ್ರದ ಪುಸ್ತಕಗಳು ಇದನ್ನೇ ಸೋಡಿಯಂ ಡೈಥಯೋನೈಟ್ ಎನ್ನುತ್ತವೆ. ಬಟ್ಟೆಗೆ ನೀಲಿಯಂಥ ಬಣ್ಣ ಹಾಕುವಾಗ, ಬಣ್ಣ ತೆಗೆಯುವಾಗ ಇದನ್ನು ಬಳಸುವುದು ನಿಜ. ಬೆಲ್ಲಕ್ಕೆ ಹಾಕುವುದೂ ನಿಜ. ಕುದಿಯುವ ಕಬ್ಬಿನ ಹಾಲಿಗೆ ಇದು ಬಿದ್ದರೆ ಕಂದು ಬಣ್ಣ ತಿಳಿಯಾಗಿ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ. ಹೊಂಬಣ್ಣದ ಅಚ್ಚಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ. ಫಾರ್ವರ್ಡ್‌ಗಳು ಬೈಯುವುದು ಬೆಲ್ಲ ಬೇಯಿಸುವವರನ್ನು ಮಾತ್ರ. ಬಣ್ಣ ನೋಡಿ ಬೆಲ್ಲ ಆರಿಸುವ ನಮ್ಮ ಕಣ್ಣಿಗೂ ಇದರಲ್ಲಿ ಪಾಲಿದೆ ಎಂಬುದು ನಮ್ಮ ಅನಿಸಿಕೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಆಹಾರದಲ್ಲಿ ಬಳಸಬಹುದಾದ ಸಲ್ಫೈಟ್‌ಗಳಿಗೆ 220ರಿಂದ 228ರವರೆಗೆ ಅಂತರರಾಷ್ಟ್ರೀಯ ಸಂಖ್ಯೆಗಳಿವೆ. ಹೈಡ್ರೋಸ್ ಆ ಪಟ್ಟಿಯಲ್ಲಿಲ್ಲ.

ಆದರೆ ನೀವು ತಿನ್ನುವ ಬೆಲ್ಲದಲ್ಲಿ ಹೈಡ್ರೋಸ್ ಹೈಡ್ರೋಸ್ ಆಗಿಯೇ ಕುಳಿತಿರುವುದಿಲ್ಲ. ಅದು ಬಹಳ ಚಂಚಲವಾದ ವಸ್ತು. ಬಿಸಿ ನೀರು ತಾಗಿದರೆ ಒಡೆದು ಥಯೋಸಲ್ಫೇಟ್ ಮತ್ತು ಬೈಸಲ್ಫೈಟ್ ಆಗುತ್ತದೆ. ಗಾಳಿಯ ಆಮ್ಲಜನಕ ತಾಗಿದರೆ ಬೈಸಲ್ಫೈಟ್ ಮತ್ತು ಬೈಸಲ್ಫೇಟ್ ಆಗುತ್ತದೆ. ಯಾವ ದಾರಿ ಹಿಡಿದರೂ ಬೈಸಲ್ಫೈಟ್ ಸಿಕ್ಕೇ ಸಿಗುತ್ತದೆ. ಕೊಪ್ಪರಿಗೆಗೆ ಹಾಕಿದ್ದು ಒಂದು, ಅಚ್ಚಿನಲ್ಲಿ ಉಳಿದದ್ದು ಇನ್ನೊಂದು. ಆದ್ದರಿಂದ ನಮ್ಮ ಪ್ರಶ್ನೆಯೂ ಬೈಸಲ್ಫೈಟ್ ಏನು ಮಾಡುತ್ತದೆ ಎಂಬುದೇ ಆಗಬೇಕು.

ಒಂದು ಮುಕ್ಕಾಲಿಯ ಕಥೆ

ಬೈಸಲ್ಫೈಟ್ ಬಹಳ ಸಣ್ಣ ಅಯಾನು. ಒಂದು ಗಂಧಕದ ಪರಮಾಣು, ಮೂರು ಆಮ್ಲಜನಕ, ಒಂದು ಜಲಜನಕ, ಒಟ್ಟಾರೆ ಒಂದು ಋಣ ವಿದ್ಯುದಂಶ. ಹೆಸರಿನಲ್ಲಿ ‘ಬೈ’ ಇದೆ ಎಂದು ಎರಡು ಗಂಧಕ ಇದೆ ಎಂದುಕೊಳ್ಳಬೇಡಿ. ಸೋಡಿಯಂ ಸಲ್ಫೈಟ್‌ಗೆ ಹೋಲಿಸಿದರೆ ಪ್ರತಿ ಸೋಡಿಯಂಗೆ ಎರಡರಷ್ಟು ಸಲ್ಫೈಟ್ ಇದೆ ಎಂಬ ಹಳೆಯ ಲೆಕ್ಕದಿಂದ ಬಂದ ಹೆಸರು ಅದು. ಅಡುಗೆ ಸೋಡಾದ ‘ಬೈಕಾರ್ಬೊನೇಟ್’ ಕೂಡ ಹಾಗೆಯೇ. ಈಗಿನ ಪಠ್ಯಪುಸ್ತಕಗಳ ಹೆಸರು ಹೈಡ್ರೋಜನ್ ಸಲ್ಫೈಟ್.

ಬೈಕಾರ್ಬೊನೇಟ್‌ನಲ್ಲಿ ನಡುವಿನ ಇಂಗಾಲ ಮತ್ತು ಅದರ ಮೂರು ಆಮ್ಲಜನಕಗಳು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಒಂದೇ ಮಟ್ಟದಲ್ಲಿರುತ್ತವೆ. ಬೈಸಲ್ಫೈಟ್ ಹಾಗಲ್ಲ. ಒಂದು ಮುಕ್ಕಾಲಿಯನ್ನು ನೆನಪಿಸಿಕೊಳ್ಳಿ. ಮೂರು ಆಮ್ಲಜನಕಗಳು ಕೆಳಗಿನ ಮೂರು ಕಾಲು, ಗಂಧಕ ಮೇಲೆ. ಅದಕ್ಕೂ ಮೇಲೆ, ಯಾರ ಜೊತೆಗೂ ಹಂಚಿಕೊಳ್ಳದ ಒಂದು ಜೋಡಿ ಎಲೆಕ್ಟ್ರಾನ್ ಗಂಧಕದ ಬಳಿ ಹಾಗೇ ಉಳಿದಿರುತ್ತದೆ. ಬೈಸಲ್ಫೈಟ್‌ನ ಚುರುಕೆಲ್ಲ ಇರುವುದು ಈ ಜೋಡಿಯಲ್ಲಿ. ಎಲೆಕ್ಟ್ರಾನ್ ಕೊರತೆಯಿರುವ ಜಾಗ ಎಲ್ಲಿ ಕಂಡರೂ ಅಲ್ಲಿ ಹೋಗಿ ಅಂಟಿಕೊಳ್ಳುವ ಸ್ವಭಾವ ಬಂದಿರುವುದು ಅದರಿಂದಲೇ.

ಇನ್ನು ಆ ಒಂಟಿ ಜಲಜನಕ ಎಲ್ಲಿ ಕೂರುತ್ತದೆ? ಇದಕ್ಕೆ ಒಂದೇ ಉತ್ತರವಿಲ್ಲದಿರುವುದೇ ಬೈಸಲ್ಫೈಟ್‌ನ ವಿಶೇಷ. ಕೆಲವು ಅಯಾನುಗಳಲ್ಲಿ ಅದು ಮುಕ್ಕಾಲಿಯ ಒಂದು ಕಾಲಿಗೆ, ಅಂದರೆ ಆಮ್ಲಜನಕಕ್ಕೆ, ಅಂಟಿರುತ್ತದೆ. ಕೆಲವದರಲ್ಲಿ ನೆತ್ತಿಯ ಮೇಲೆ, ಗಂಧಕಕ್ಕೇ ಅಂಟಿ, ಆ ಎಲೆಕ್ಟ್ರಾನ್ ಜೋಡಿಯ ಜಾಗವನ್ನು ಹಿಡಿದಿರುತ್ತದೆ. ನೀರಿನಲ್ಲಿ ಎರಡೂ ರೂಪಗಳು ಒಟ್ಟಿಗೆ ಇದ್ದು, ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಆಮ್ಲಜನಕಕ್ಕೆ ಅಂಟಿದ ರೂಪವೇ ಹೆಚ್ಚು. ಸೀಸಿಯಂ, ರುಬಿಡಿಯಂಗಳಂಥ ದಪ್ಪ ಅಯಾನುಗಳ ಜೊತೆ ಹರಳುಗಟ್ಟಿದಾಗ ಮಾತ್ರ ಜಲಜನಕ ಗಂಧಕದ ಮೇಲೆ ನೆಲೆಯಾಗಿ ಕೂರುತ್ತದೆ.

ಸೋಡಿಯಂ ಜೊತೆ ಇಂಥ ಗಟ್ಟಿ ಹರಳು ಸಿಗುವುದು ಕಷ್ಟ. ‘ಸೋಡಿಯಂ ಬೈಸಲ್ಫೈಟ್’ ಎಂದು ಚೀಟಿ ಅಂಟಿಸಿದ ಡಬ್ಬಿ ತೆಗೆದರೆ ಒಳಗಿರುವ ಪುಡಿ ಬಹುಪಾಲು ಮೆಟಾಬೈಸಲ್ಫೈಟ್. ಎರಡು ಬೈಸಲ್ಫೈಟ್‌ಗಳು ಸೇರಿ, ನಡುವೆ ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟು, ಗಂಧಕಕ್ಕೆ ಗಂಧಕ ಅಂಟಿದಾಗ ಆಗುವ ವಸ್ತು ಅದು. ನೀರಿಗೆ ಹಾಕಿದರೆ ಮತ್ತೆ ಬೈಸಲ್ಫೈಟ್.

ಹುಳಿ ಬದಲಾದರೆ ವೇಷ ಬದಲು

ಗಂಧಕ ಸುಟ್ಟಾಗ ಮೂಗಿಗೆ ಘಾಟು ಹೊಡೆಯುವ ಅನಿಲ ಸಲ್ಫರ್ ಡೈಆಕ್ಸೈಡ್. ಅದು ನೀರಿನಲ್ಲಿ ಕರಗಿದರೆ ಬೈಸಲ್ಫೈಟ್ ಆಗುತ್ತದೆ. ಬೈಸಲ್ಫೈಟ್ ತನ್ನ ಜಲಜನಕವನ್ನೂ ಕಳೆದುಕೊಂಡರೆ ಸಲ್ಫೈಟ್. ಮೂರೂ ಒಂದೇ ಮನೆಯವು. ಯಾವಾಗ ಯಾವುದು ಎಂದು ತೀರ್ಮಾನಿಸುವುದು ದ್ರಾವಣದ ಹುಳಿ, ಅಂದರೆ ಪಿಎಚ್. ಪಿಎಚ್ ಸುಮಾರು 1.8ಕ್ಕಿಂತ ಕೆಳಗಿದ್ದರೆ ಕರಗಿದ ಅನಿಲವೇ ಹೆಚ್ಚು, ಸುಮಾರು 7.2ಕ್ಕಿಂತ ಮೇಲಿದ್ದರೆ ಸಲ್ಫೈಟ್ ಹೆಚ್ಚು. ಈ ಎರಡರ ನಡುವಿನ ವಿಶಾಲ ಬಯಲೆಲ್ಲ ಬೈಸಲ್ಫೈಟ್‌ನದು.

ಕಬ್ಬಿನ ಹಾಲಿನ ಪಿಎಚ್ ಸಾಮಾನ್ಯವಾಗಿ 5ರಿಂದ 5.5. ಈ ಮಟ್ಟದಲ್ಲಿ ನೂರರಲ್ಲಿ 95ಕ್ಕೂ ಹೆಚ್ಚು ಪಾಲು ಬೈಸಲ್ಫೈಟ್ ಆಗಿಯೇ ಇರುತ್ತದೆ. ಹಾಲಿಗೆ ಸುಣ್ಣ ಬಿದ್ದರೆ ಒಂದಷ್ಟು ಸಲ್ಫೈಟ್ ಕಡೆಗೆ ವಾಲುತ್ತದೆ ಅಷ್ಟೆ. ಬೈಸಲ್ಫೈಟ್ ಅನಿಲವಲ್ಲ, ಅಯಾನು. ಅದು ಹಾರಿಹೋಗುವುದಿಲ್ಲ, ವಾಸನೆಯನ್ನೂ ಕೊಡುವುದಿಲ್ಲ. ಹಾಗಾಗಿ ‘ಮೂಸಿ ನೋಡಿ ತಗೊಳ್ಳಿ’ ಎಂಬ ಸಲಹೆಯಿಂದ ಹೆಚ್ಚೇನೂ ಸಿಗದು.

ನೀರಿಗೆ ಹಾಕುವ ಪರೀಕ್ಷೆ ಏಕೆ ಸುಳ್ಳು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬೈಸಲ್ಫೈಟ್ ನೀರಿನಲ್ಲಿ ಬಣ್ಣವಿಲ್ಲದೆ ಪೂರ್ತಿ ಕರಗುತ್ತದೆ. ಲೋಟದ ತಳದಲ್ಲಿ ಬಿಳಿ ಪುಡಿ ನಿಂತರೆ ಅದು ಸೀಮೆಸುಣ್ಣ ಅಥವಾ ಸುಣ್ಣದ ಅಂಶ ಇರಬಹುದು, ಬೈಸಲ್ಫೈಟ್ ಅಲ್ಲ. ಆಮ್ಲ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ ಎನ್ನುವ ವಿಡಿಯೊ ಮೆಟಾನಿಲ್ ಯೆಲ್ಲೋ ಎಂಬ ಬಣ್ಣವನ್ನು ಹಿಡಿಯುವ ಪರೀಕ್ಷೆ. ಬೈಸಲ್ಫೈಟ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾಲು ಒಡೆದರೆ ಕಲಬೆರಕೆ ಎನ್ನುವವರೂ ಇದ್ದಾರೆ. ಹಾಲು ಒಡೆಯುವುದು ಬೆಲ್ಲದ ಹುಳಿಯಿಂದ, ಹಳೆಯದಾದ ಒಳ್ಳೆಯ ಬೆಲ್ಲವೂ ಹಾಲು ಒಡೆಸೀತು. ಪ್ರಯೋಗಾಲಯದಲ್ಲಿ ಮಾಡುವುದು ಬೇರೆಯೇ ಕೆಲಸ. ಮಾದರಿಗೆ ಗಟ್ಟಿ ಆಮ್ಲ ಸೇರಿಸಿ ಬಹಳ ಹೊತ್ತು ಕುದಿಸಿ, ಬೈಸಲ್ಫೈಟನ್ನು ಮತ್ತೆ ಸಲ್ಫರ್ ಡೈಆಕ್ಸೈಡ್ ಆಗಿ ಹೊರಡಿಸಿ, ಆ ಅನಿಲವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹಿಡಿದು ಅಳೆಯುತ್ತಾರೆ. ಮೋನಿಯರ್-ವಿಲಿಯಮ್ಸ್ ವಿಧಾನ ಎಂದು ಇದಕ್ಕೆ ಹೆಸರು. ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಬಣ್ಣ ಹೋಗುವುದು ಹೇಗೆ, ಕುದಿಸಿದರೆ ಬೈಸಲ್ಫೈಟ್ ಹೋಗುತ್ತದೆಯೇ

ಕಬ್ಬಿನ ಹಾಲು ಕುದಿಯುವಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣ ಕಟ್ಟುತ್ತದೆ. ದೋಸೆಯ ಅಂಚು ಕೆಂಪಾಗುವುದೂ ಇದೇ ಬಗೆಯ ಕ್ರಿಯೆ. ಇದರ ನಡುವೆ ಆಲ್ಡಿಹೈಡ್ ಗುಂಪುಗಳಿರುವ ಅಣುಗಳು ಬರುತ್ತವೆ. ಬೈಸಲ್ಫೈಟ್‌ನ ಗಂಧಕ ಅವಕ್ಕೆ ಹೋಗಿ ಅಂಟಿಕೊಂಡು, ಬಣ್ಣ ಕಟ್ಟುವ ಮುಂದಿನ ಹೆಜ್ಜೆಯನ್ನೇ ತಡೆಯುತ್ತದೆ. ಆಗಲೇ ಬಣ್ಣ ಕಟ್ಟಿರುವ ಅಣುಗಳಿಗೂ ಅಂಟಿ ಅವುಗಳ ಬಣ್ಣ ಕೆಡಿಸುತ್ತದೆ. ಕೊಯ್ದ ಹಣ್ಣು ಕಪ್ಪಾಗದಂತೆ ಸಲ್ಫೈಟ್ ಬಳಸುವುದರ ಹಿಂದೆ ಇನ್ನೊಂದು ಕೆಲಸವೂ ಇದೆ: ಕಪ್ಪಾಗಿಸುವ ಕಿಣ್ವವನ್ನು ಅದು ಸುಮ್ಮನಾಗಿಸುತ್ತದೆ.

ಹೀಗೆ ಅಂಟಿಕೊಂಡ ಬೈಸಲ್ಫೈಟ್ ಬೇಗ ಬಿಡುವುದಿಲ್ಲ. ಬಿಡಿಯಾಗಿರುವ ಪಾಲು ಹುಳಿ ಸೇರಿಸಿ ಕುದಿಸಿದಾಗ ಅನಿಲವಾಗಿ ಹೋದೀತು. ಸಕ್ಕರೆಯಂಥ ಅಣುಗಳಿಗೆ ಅಂಟಿದ ಪಾಲು ಪಾಯಸದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದ ಮಾತ್ರಕ್ಕೆ ಖಾಲಿಯಾಗುವುದಿಲ್ಲ. ‘ಕುದಿಸಿದರೆ ವಿಷ ಹೋಗುತ್ತದೆ’ ಎಂಬ ಮಾತನ್ನು ಅರೆಸತ್ಯ ಎಂದದ್ದು ಇದಕ್ಕೆ.

ದೇಹದೊಳಗೆ ಏನಾಗುತ್ತದೆ

ಫಾರ್ವರ್ಡ್‌ಗಳು ಹೇಳದ ಒಂದು ಸಂಗತಿ: ನಮ್ಮ ದೇಹವೇ ದಿನವೂ ಸಲ್ಫೈಟ್ ತಯಾರಿಸುತ್ತದೆ. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿರುವ ಗಂಧಕದ ಅಮೈನೋ ಆಮ್ಲಗಳು ಕರಗುವಾಗ ಸಲ್ಫೈಟ್ ಹುಟ್ಟುತ್ತದೆ. ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ನಿರುಪದ್ರವಿ ಸಲ್ಫೇಟ್ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಈ ಕಿಣ್ವದ ಕೆಲಸಕ್ಕೆ ಮಾಲಿಬ್ಡಿನಂ ಎಂಬ ಲೋಹ ಬೇಕು. ಅಪರೂಪಕ್ಕೆ ಕೆಲವು ಶಿಶುಗಳು ಈ ಕಿಣ್ವವಿಲ್ಲದೆ ಹುಟ್ಟುತ್ತವೆ, ಅದು ಗಂಭೀರ ಕಾಯಿಲೆ. ಉಳಿದವರಿಗೆ ಸ್ವಲ್ಪ ಸಲ್ಫೈಟ್ ಹೊಸ ಶತ್ರುವಲ್ಲ.

ತೊಂದರೆ ಇರುವುದು ಆಸ್ತಮಾ ಇರುವವರಿಗೆ. ಜಠರದ ಪಿಎಚ್ 1.5ರಿಂದ 2ಕ್ಕೆ ಇಳಿದಾಗ, ಹಿಂದೆ ಹೇಳಿದ ಗಡಿಯ ಲೆಕ್ಕ ನೋಡಿ, ಬಿಡಿ ಬೈಸಲ್ಫೈಟ್‌ನ ಸುಮಾರು ಅರ್ಧ ಮತ್ತೆ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ತೇಗಿನ ಜೊತೆ ಅದು ಮೇಲೆ ಬಂದು ಉಸಿರಿಗೆ ಸೇರಿದರೆ ಸೂಕ್ಷ್ಮ ಶ್ವಾಸನಾಳ ಬಿಗಿದುಕೊಳ್ಳಬಹುದು. ಆಸ್ತಮಾ ಇರುವ ನೂರು ಜನರಲ್ಲಿ ಸುಮಾರು 3ರಿಂದ 10 ಜನರಿಗೆ ಸಲ್ಫೈಟ್ ಆಗಿಬರುವುದಿಲ್ಲ ಎಂಬುದು ವೈದ್ಯಕೀಯ ಅಂದಾಜು. ಅಮೆರಿಕದಲ್ಲಿ ಹೋಟೆಲಿನ ಸಲಾಡ್ ತಿಂದು ಕೆಲವರು ಪ್ರಾಣ ಕಳೆದುಕೊಂಡ ಮೇಲೆ, 1986ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಸಲ್ಫೈಟ್ ಹಾಕುವುದನ್ನು ನಿಷೇಧಿಸಿತು. (ಸಲ್ಫಾ ಮಾತ್ರೆ ಅಲರ್ಜಿ ಇರುವವರಿಗೆ ಸಲ್ಫೈಟೂ ಅಲರ್ಜಿ ಎನ್ನುವ ಇನ್ನೊಂದು ಫಾರ್ವರ್ಡ್ ಇದೆ. ಎರಡೂ ಬೇರೆ ಬೇರೆ. ಹೆಸರು ಮಾತ್ರ ಹತ್ತಿರ.)

ಇನ್ನೊಂದು ಹಾನಿ ಸದ್ದಿಲ್ಲದ್ದು. ಬೈಸಲ್ಫೈಟ್ ಬಿ1 ಜೀವಸತ್ವದ ಅಣುವನ್ನು ನಡುವೆಯೇ ಕತ್ತರಿಸುತ್ತದೆ. ಆದ್ದರಿಂದಲೇ ಬಿ1 ಹೆಚ್ಚಿರುವ ಆಹಾರಕ್ಕೆ ಸಲ್ಫೈಟ್ ಹಾಕಲು ಅಮೆರಿಕದಲ್ಲಿ ಅನುಮತಿ ಇಲ್ಲ.

‘ಬೈಸಲ್ಫೈಟ್ ಡಿಎನ್‌ಎಯನ್ನೇ ಬದಲಿಸುತ್ತದೆ’ ಎಂದೂ ಓದಿರಬಹುದು. ಪ್ರಯೋಗಾಲಯದಲ್ಲಿ ಇದು ನಿಜ, ತುಂಬ ಉಪಯುಕ್ತ ಕೂಡ. ಎಳೆ ಬಿಡಿಸಿದ ಡಿಎನ್‌ಎಯನ್ನು ಬಹಳ ಗಾಢ ಬೈಸಲ್ಫೈಟ್‌ನಲ್ಲಿ ಗಂಟೆಗಟ್ಟಲೆ ಇಟ್ಟರೆ ಸೈಟೋಸಿನ್ ಎಂಬ ಅಕ್ಷರ ಯುರಾಸಿಲ್ ಆಗುತ್ತದೆ. 1992ರಿಂದ ಈಚೆಗೆ ಜೀನ್‌ಗಳ ಮೇಲಿನ ಮೀಥೈಲ್ ಗುರುತುಗಳನ್ನು ಓದಲು ವಿಜ್ಞಾನಿಗಳು ಇದನ್ನೇ ಬಳಸುತ್ತಿದ್ದಾರೆ. ಹೋಳಿಗೆಯ ಬೆಲ್ಲದಲ್ಲಿ ಅಂಥ ಗಾಢತೆಯೂ ಇಲ್ಲ, ನಮ್ಮ ಜೀವಕೋಶದ ಡಿಎನ್‌ಎ ಹಾಗೆ ಬಿಡಿಸಿಕೊಂಡೂ ಇರುವುದಿಲ್ಲ.

ಎಷ್ಟು ತಿಂದರೆ ಎಷ್ಟು

ಹೆದರಿಸುವ ಸಂದೇಶದಲ್ಲಿ ಅಂಕಿ ಇರುವುದಿಲ್ಲ. ನಾವು ಲೆಕ್ಕ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞರ ಸಮಿತಿ ಹೇಳುವ ಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.7 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್. 60 ಕಿಲೋ ತೂಕದವರಿಗೆ 42 ಮಿಲಿಗ್ರಾಂ. 15 ಕಿಲೋ ತೂಕದ ಮಗುವಿಗೆ 10.5. (ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಈ ಅಂಕಿಯನ್ನು ಕೈಬಿಟ್ಟಿತು. ಇಷ್ಟು ಸುರಕ್ಷಿತ ಎಂದು ಗೆರೆ ಎಳೆಯಲು ಇರುವ ಮಾಹಿತಿ ಸಾಲದು ಎಂಬುದು ಅದರ ನಿಲುವು. ಆದ್ದರಿಂದ 0.7 ಅನ್ನು ಕಲ್ಲಿನ ಗೆರೆ ಎಂದುಕೊಳ್ಳಬೇಡಿ.)

ಮೊದಲು ಸಕ್ಕರೆ. ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳು ಗಂಧಕ ಸುಟ್ಟ ಹೊಗೆಯನ್ನು ಸುಣ್ಣ ಬೆರೆಸಿದ ಕಬ್ಬಿನ ಹಾಲಿಗೆ ಹಾಯಿಸುತ್ತವೆ. ಆಗ ಕರಗದ ಕ್ಯಾಲ್ಸಿಯಂ ಸಲ್ಫೈಟ್ ಕಟ್ಟಿ, ಕೊಳೆಯನ್ನೂ ತನ್ನ ಜೊತೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಗದ್ದೆಗೆ ಗೊಬ್ಬರವಾಗಿ ಹಾಕುವ ಪ್ರೆಸ್‌ಮಡ್‌ನಲ್ಲಿ ಅದೂ ಇರುತ್ತದೆ. ಹೀಗೆ ಬಹುಪಾಲು ಗಂಧಕ ಅಲ್ಲೇ ಹೊರಗೆ ಹೋಗುತ್ತದೆ. ಇಂಥ ಬಿಳಿ ಸಕ್ಕರೆಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 70 ಮಿಲಿಗ್ರಾಂ. ಮಿತಿಯಷ್ಟೂ ಇದೆ ಎಂದೇ ಇಟ್ಟುಕೊಂಡರೂ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆಯಲ್ಲಿ ಸಿಗುವುದು 0.7 ಮಿಲಿಗ್ರಾಂ. ಸಕ್ಕರೆಯನ್ನು ಕಡಿಮೆ ಮಾಡಲು ಬೇರೆ ಒಳ್ಳೆಯ ಕಾರಣಗಳಿವೆ, ಗಂಧಕ ಅಂಥ ದೊಡ್ಡ ಕಾರಣವಲ್ಲ.

ಬೆಲ್ಲದ ಕಥೆ ಬೇರೆ. ಕಾಯ್ದೆಯಲ್ಲಿ ಬೆಲ್ಲಕ್ಕೂ ಮಿತಿ ಇದೆ. ಆದರೆ ಕೊಪ್ಪರಿಗೆಗೆ ಕೈಯಳತೆಯಲ್ಲಿ ಪುಡಿ ಬೀಳುವ ಕಡೆ ಅಳೆಯುವವರು ಯಾರು? ಕಾರ್ಖಾನೆಯ ಹಾಗೆ ಸಲ್ಫೈಟನ್ನು ತಳಕ್ಕೆ ಇಳಿಸಿ ಸೋಸುವ ಹಂತವೂ ಇಲ್ಲಿಲ್ಲ. ಹಾಕಿದ್ದರಲ್ಲಿ ಆವಿಯಾಗಿ ಹೋದದ್ದು, ಗಾಳಿ ತಾಗಿ ಸಲ್ಫೇಟ್ ಆದದ್ದು ಬಿಟ್ಟು ಉಳಿದದ್ದು ಅಚ್ಚಿಗೇ. ಲೆಕ್ಕಕ್ಕೆ ಮಾತ್ರ ಹೀಗೆ ಊಹಿಸಿ: ಒಂದು ಬೆಲ್ಲದಲ್ಲಿ ಕಿಲೋಗೆ 500 ಮಿಲಿಗ್ರಾಂ ಉಳಿದಿದೆ. ಹಬ್ಬದ ದಿನ 40 ಗ್ರಾಂ ತಿಂದರೆ 20 ಮಿಲಿಗ್ರಾಂ ಆಯಿತು. ದೊಡ್ಡವರ ಮಿತಿಯ ಒಳಗೇ ಇದೆ, 15 ಕಿಲೋದ ಮಗುವಿಗೆ ಹೆಚ್ಚುಕಡಿಮೆ ಎರಡರಷ್ಟು. ಒಂದು ದಿನ ತಿಂದರೆ ಏನೋ ಆಗಿಬಿಡುತ್ತದೆ ಎಂದು ಇದರ ಅರ್ಥವಲ್ಲ. ಮಗುವಿಗೆ ಆಸ್ತಮಾ ಇದ್ದರೆ ಮಾತ್ರ ಇದು ಯೋಚಿಸಬೇಕಾದ ಅಂಕಿ.

ಹೋಲಿಕೆಗೆ, ನೈಸರ್ಗಿಕ ಎಂದು ನಾವು ನಂಬುವ ಹೊಂಬಣ್ಣದ ಒಣದ್ರಾಕ್ಷಿ, ಒಣ ಏಪ್ರಿಕಾಟ್‌ಗಳಿಗೆ ಯೂರೋಪಿನ ನಿಯಮ ಕಿಲೋಗೆ 2000 ಮಿಲಿಗ್ರಾಂವರೆಗೆ ಬಿಡುತ್ತದೆ. ಪಾಯಸದಲ್ಲಿ ಹುಡುಕಬೇಕಾದ ಆರೋಪಿ ಬೆಲ್ಲವೊಂದೇ ಅಲ್ಲ.

ಕಪ್ಪು ಬೆಲ್ಲವೇ ಶುದ್ಧವೇ?

ಬೆಲ್ಲದ ಬಣ್ಣಕ್ಕೆ ಕಬ್ಬಿನ ತಳಿ, ಮಣ್ಣು, ನೀರಿನ ಉಪ್ಪು, ಕೊಯ್ದು ಎಷ್ಟು ಹೊತ್ತಿಗೆ ಅರೆದರು, ಪಾಕ ಎಷ್ಟು ಕಾಯಿತು ಎಂಬುದೆಲ್ಲ ಕಾರಣ. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಬೆಲ್ಲಕ್ಕೆ ಒಗ್ಗುವ ತಳಿಗಳ ಮೇಲೆ ಕೆಲಸ ಮಾಡಿದೆ. ಒಳ್ಳೆಯ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬರುವ ಮಡ್ಡಿಯನ್ನು ತಾಳ್ಮೆಯಿಂದ ತೆಗೆದರೆ ಹೈಡ್ರೋಸ್ ಇಲ್ಲದೆಯೂ ತಿಳಿ ಬಣ್ಣದ ಬೆಲ್ಲ ಬರುತ್ತದೆ. ಅತ್ತ ಹೈಡ್ರೋಸ್ ಹಾಕಿದ ಬೆಲ್ಲವೂ ದಾಸ್ತಾನಿನಲ್ಲಿ ಗಾಳಿ ತಾಗಿ ಮತ್ತೆ ಕಂದಾಗಬಹುದು. ಬಣ್ಣ ನೋಡಿ ಶುದ್ಧ, ಅಶುದ್ಧ ಎಂದು ತೀರ್ಪು ಕೊಡಲಾಗದು. ಆದರೆ ನಿಂಬೆಹಣ್ಣಿನಂತೆ ಎಲ್ಲ ಅಚ್ಚುಗಳೂ ಒಂದೇ ಸಮ ಹಳದಿಯಾಗಿದ್ದರೆ ಅನುಮಾನ ಪಡುವುದು ತಪ್ಪಲ್ಲ.

ಫಾರ್ವರ್ಡ್‌ಗಳು ಮರೆಯುವ ಮನುಷ್ಯ ಒಬ್ಬನಿದ್ದಾನೆ: ಕೊಪ್ಪರಿಗೆಯ ಪಕ್ಕ ನಿಲ್ಲುವವನು. ನಾವು ತಿನ್ನುವುದು ಮಿಲಿಗ್ರಾಂ ಲೆಕ್ಕದಲ್ಲಿ. ಅವನು ಪುಡಿ ಸುರಿದಾಗೆಲ್ಲ ಏಳುವ ಸಲ್ಫರ್ ಡೈಆಕ್ಸೈಡನ್ನು ನೇರವಾಗಿ ಉಸಿರಾಡುತ್ತಾನೆ. ಕಣ್ಣುರಿ, ಕೆಮ್ಮು ಅಲ್ಲಿಂದಲೇ. ಇನ್ನೂ ಒಂದು ಅಪಾಯವಿದೆ. ಹೈಡ್ರೋಸ್ ಡಬ್ಬಿಗೆ ತೇವ ಹೊಕ್ಕರೆ ಪುಡಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಒಣಗಿದ ಕಬ್ಬಿನ ಸಿಪ್ಪೆ ರಾಶಿ ಬಿದ್ದಿರುವ ಆಲೆಮನೆಯಲ್ಲಿ ಬಾಯಿ ತೆರೆದ ಡಬ್ಬಿ ಇಡುವಂಥದ್ದಲ್ಲ. ಹೊತ್ತಿಕೊಂಡ ಪುಡಿಗೆ ಒಂದು ಚೊಂಬು ನೀರು ಎರಚಿದರೆ ಇನ್ನೂ ಕೆಡುತ್ತದೆ.

ನಿಮ್ಮ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಬೆಲ್ಲದ ಅಡುಗೆಯೋ ಒಣದ್ರಾಕ್ಷಿಯೋ ತಿಂದ ಸ್ವಲ್ಪ ಹೊತ್ತಿಗೆ ಎದೆ ಬಿಗಿಯುತ್ತದೆ ಅನ್ನಿಸಿದರೆ, ಏನು ತಿಂದರು, ಎಷ್ಟು ಹೊತ್ತಿಗೆ ಆಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಪ್ಯಾಕೆಟ್ ಆಹಾರವಾದರೆ ಹಿಂಬದಿಯ ಸಂಖ್ಯೆ ನೋಡಿ. 220 ಎಂದರೆ ಸಲ್ಫರ್ ಡೈಆಕ್ಸೈಡ್, 222 ಎಂದರೆ ಸೋಡಿಯಂ ಬೈಸಲ್ಫೈಟ್, 223 ಮತ್ತು 224 ಮೆಟಾಬೈಸಲ್ಫೈಟ್‌ಗಳು. ಬಿಡಿ ಬೆಲ್ಲದ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ. ಅನುಮಾನ ಬಲವಾಗಿದ್ದರೆ ನೀರಿನ ಲೋಟದ ವಿಡಿಯೊ ಮಾಡುವ ಬದಲು, ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡುವುದಾದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಅದನ್ನು ತಿಳಿಸಬೇಕು. ಮಾದರಿ ನಿಯಮಕ್ಕೆ ವಿರುದ್ಧ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.